ಮುಳುಗಿದ ಮೇಲೆ ಏನು ಉಳಿಯುತ್ತದೆ? ಕಡಲಡಿಯ ಪುರಾತತ್ತ್ವಕ್ಕೊಂದು ಬೇಸಿಗೆಯ ಓದು

ಹನ್ನೆರಡನೇ ಶತಮಾನದ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನಿದ್ದ. ಮೂಲ ಟುನೀಷಿಯಾದ ಮಹ್ದಿಯಾ. 1132ರ ಹೊತ್ತಿಗೆ ಇಲ್ಲಿ ನೆಲೆಯೂರಿದ್ದ ಅವನು 1149ರಲ್ಲಿ ಯೆಮೆನ್‌ನ ಬಂದರು ಏಡನ್ನಿಗೆ ಮರಳುವ ತನಕ ಮೆಣಸು, ಅಡಿಕೆ, ಕಬ್ಬಿಣವನ್ನು ಹಡಗಿಗೆ ಹಾಕಿ ಕಳಿಸುತ್ತಿದ್ದ. ಅತ್ತಲಿಂದ ತಾಮ್ರ ತರಿಸಿಕೊಂಡು ಇಲ್ಲಿ ಪಾತ್ರೆ ಪಗಡಿ ಮಾಡಿಸುತ್ತಿದ್ದ. ಅವನ ಕಾಗದಪತ್ರಗಳು ಕೈರೋದ ಹಳೆಯ ಸಿನಗಾಗೊಂದರ ಕೋಣೆಯಲ್ಲಿ ಶತಮಾನಗಳ ಕಾಲ ಬಿದ್ದಿದ್ದವು. ಇತಿಹಾಸಕಾರ ಎಸ್. ಡಿ. ಗೋಯಿಟೈನ್ ಅವುಗಳನ್ನು ಓದಿ ಜಗತ್ತಿಗೆ ಕೊಟ್ಟರು. ಏಡನ್ನಿನ ಜೋಸೆಫ್ ಬೆನ್ ಅಬ್ರಹಾಂ ಬರೆದ ಒಂದು ಪತ್ರದಲ್ಲಿ ಕೆಟ್ಟ ಸುದ್ದಿಯಿದೆ. ಸರಕು ಹೊತ್ತು ಹೊರಟ ಎರಡು ಹಡಗುಗಳಲ್ಲಿ ದೊಡ್ಡದು ಕೆಂಪು ಸಮುದ್ರದ ಬಾಯಲ್ಲಿರುವ ಬಾಬ್ ಅಲ್ ಮಂದೆಬ್ ಹತ್ತಿರ ಮುಳುಗಿತು. ಮೆಣಸೆಲ್ಲ ಹೋಯಿತು. ಕಬ್ಬಿಣಕ್ಕಾಗಿ ಏಡನ್ನಿನಿಂದ ಮುಳುಗು ಬಲ್ಲವರನ್ನು ಕರೆಸಿದರು. ಅವರು ನೀರಿಗಿಳಿದು ಸುಮಾರು ಅರ್ಧದಷ್ಟನ್ನು ಮೇಲೆತ್ತಿದರು.

ಕಡಲಡಿಯ ಪುರಾತತ್ತ್ವದ ಬಗ್ಗೆ ರಜೆಯಲ್ಲಿ ಓದಬೇಕು ಎಂದು ಹೊರಡುವ ಮಂಗಳೂರು, ಉಡುಪಿಯ ವಿದ್ಯಾರ್ಥಿಗೆ ಮೊದಲು ಕೊಡಬೇಕಾದದ್ದು ಈ ಪತ್ರ ಎಂಬುದು ನಮ್ಮ ಅಭಿಪ್ರಾಯ. ಹೆಚ್ಚಿನವರು ದ್ವಾರಕೆಯಿಂದಲೋ ಟೈಟಾನಿಕ್‌ನಿಂದಲೋ ಶುರುಮಾಡುತ್ತಾರೆ. ಆಗ ಓದೆಲ್ಲ ಮುಳುಗಿದ ನಗರ, ಮುಳುಗಿದ ನಿಧಿ ಎಂಬಲ್ಲಿಗೇ ಹೋಗಿ ನಿಲ್ಲುತ್ತದೆ. ಈ ಪತ್ರ ಬೇರೆ ದಾರಿ ಹಿಡಿಸುತ್ತದೆ. ಹೊರಟ ಸರಕು ಯಾವುದು, ನೀರಿಗೆ ಬಿದ್ದ ಮೇಲೆ ಯಾವುದು ಉಳಿಯಿತು, ಯಾವುದು ಹೋಯಿತು, ಯಾಕೆ? ಇಡೀ ಶಾಸ್ತ್ರ ನಿಂತಿರುವುದು ಈ ಲೆಕ್ಕದ ಮೇಲೆ. ನೋಟ್‌ಪುಸ್ತಕದಲ್ಲಿ ಮೂರು ಕಾಲಂ ಎಳೆದು, ಓದಿದ ಪ್ರತಿ ಹಡಗಿಗೂ ಇದ್ದದ್ದು, ಉಳಿದದ್ದು, ಕಾರಣ ಎಂದು ತುಂಬುತ್ತ ಹೋದರೆ ಮೇ ತಿಂಗಳ ಕೊನೆಗೆ ಆ ಪುಟಗಳೇ ಒಳ್ಳೆಯ ಪಠ್ಯವಾಗುತ್ತವೆ.

ಮೆಣಸನ್ನೇ ತೆಗೆದುಕೊಳ್ಳಿ. ಏಡನ್ನಿನ ವರ್ತಕನ ಪಾಲಿಗೆ ಅದು ಪೂರ್ತಿ ನಷ್ಟ. ಒದ್ದೆಯಾದ ಮೆಣಸನ್ನು ಕೊಳ್ಳುವವರಿಲ್ಲ. ಪುರಾತತ್ತ್ವದವರ ಲೆಕ್ಕ ಬೇರೆ. ಕೊಚ್ಚಿಯಿಂದ ಹೊರಟ ನೊಸ್ಸಾ ಸೆನ್ಯೋರಾ ದೊಸ್ ಮಾರ್ಟಿರೆಸ್ ಎಂಬ ಪೋರ್ಚುಗೀಸ್ ಹಡಗು 1606ರ ಸೆಪ್ಟೆಂಬರಿನಲ್ಲಿ ಲಿಸ್ಬನ್ನಿಗೆ ಇನ್ನೇನು ತಲುಪಿತು ಎನ್ನುವಾಗ ತೇಜೊ ನದಿಯ ಅಳಿವೆಯಲ್ಲೇ ಒಡೆದು ಮುಳುಗಿತು. 1990ರ ದಶಕದಲ್ಲಿ ಅಲ್ಲಿ ಅಗೆದವರಿಗೆ ಹಡಗಿನ ತಳದ ಮರದ ಸುತ್ತ ಮೆಣಸಿನ ಕಾಳಿನ ದಪ್ಪ ಪದರವೇ ಸಿಕ್ಕಿತು. ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ, ಬಾಲ್ಟಿಕ್‌ನಲ್ಲಿ 1495ರಲ್ಲಿ ಮುಳುಗಿದ ಡೆನ್ಮಾರ್ಕ್ ರಾಜನ ಹಡಗಿನಲ್ಲಿ ಕೂಡ ಕರಿಮೆಣಸು ಸಿಕ್ಕಿದೆ. ಕಾಳು ಉಳಿದದ್ದು ಅದು ಗಟ್ಟಿ ಎಂಬ ಕಾರಣಕ್ಕಲ್ಲ. ಬೇಗ ಕೆಸರಿನಡಿ ಹೂತುಹೋಗಿ, ಅಲ್ಲಿ ಆಮ್ಲಜನಕ ಇಲ್ಲದ್ದರಿಂದ ಕೊಳೆಸುವ ಜೀವಿಗಳಿಗೆ ಕೆಲಸ ಸಾಗದೆ ಅದು ಉಳಿಯಿತು.

ಮರಕ್ಕೂ ಇದೇ ನಿಯಮ. ಹಡಗಿನ ಮರವನ್ನು ತಿನ್ನುವುದು ನೀರಲ್ಲ, ಟೆರೆಡೊ. ನೋಡಲು ಉದ್ದನೆಯ ಹುಳು. ನಿಜಕ್ಕೆ ಅದು ಮರುವಾಯಿಯ ಬಳಗಕ್ಕೆ ಸೇರಿದ ಚಿಪ್ಪುಜೀವಿ. ತಲೆಯ ಕಡೆಯ ಎರಡು ಪುಟ್ಟ ಚಿಪ್ಪುಗಳಿಂದಲೇ ಮರವನ್ನು ಕೊರೆಯುತ್ತದೆ. ನಮ್ಮ ಕಡಲಿನ ಬೆಚ್ಚಗಿನ ಉಪ್ಪುನೀರು ಅದಕ್ಕೆ ಹೇಳಿ ಮಾಡಿಸಿದ ಜಾಗ. ದೋಣಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತ ಬಂದದ್ದು ಸುಮ್ಮನೆ ಅಲ್ಲ. ಸ್ವೀಡನ್ನಿನ ವಾಸಾ ಹಡಗು 1628ರ ಆಗಸ್ಟ್ 10ರಂದು ಮುಳುಗಿ, 1961ರ ಏಪ್ರಿಲ್ 24ರಂದು ಬಹುಪಾಲು ಇಡಿಯಾಗಿ ಮೇಲೆ ಬಂತು. ಬಾಲ್ಟಿಕ್‌ನ ನೀರಿನಲ್ಲಿ ಉಪ್ಪು ತೀರಾ ಕಡಿಮೆ. ಟೆರೆಡೊ ಅಲ್ಲಿ ಬದುಕುವುದಿಲ್ಲ. ಅರಬ್ಬಿ ಕಡಲಿನಲ್ಲಿ ಅಂಥ ಹಡಗು ತಳದ ಮೇಲೆ ತೆರೆದು ಬಿದ್ದರೆ ಕೆಲವೇ ವರ್ಷಗಳಲ್ಲಿ ಜರಡಿಯಾಗುತ್ತದೆ. ಆದ್ದರಿಂದ ನಮ್ಮಲ್ಲಿ ಇಡೀ ಹಡಗನ್ನು ಹುಡುಕಬಾರದು. ಕೆಸರು ಮುಚ್ಚಿದ ತಳಭಾಗ, ಭಾರಕ್ಕೆ ಹಾಕಿದ ಕಲ್ಲು, ಲಂಗರು, ಮಣ್ಣಿನ ಸಾಮಾನು, ಲೋಹ, ಇವುಗಳನ್ನು ಹುಡುಕಬೇಕು. ಅಳಿವೆಯೊಳಗೆ ಲೆಕ್ಕ ಇನ್ನೊಂದು ಬಗೆ. ಮಳೆಗಾಲದಲ್ಲಿ ನೇತ್ರಾವತಿ ತುಂಬಿದಾಗ ನೀರು ಸಿಹಿ, ಬೇಸಿಗೆಯಲ್ಲಿ ಉಪ್ಪು ಮೈಲುಗಟ್ಟಲೆ ಒಳಗೆ. ಮರ ಕೊರೆಯುವ ಜೀವಿಗಳ ಹಾವಳಿ ಈ ಏರಿಳಿತದ ಜೊತೆ ಹೇಗೆ ಬದಲಾಗುತ್ತದೆ ಎಂಬುದು ಫಿಶರೀಸ್ ಓದುವವರಿಗೆ ಒಳ್ಳೆಯ ಪ್ರಾಜೆಕ್ಟ್ ಆಗಬಲ್ಲದು.

ಕೀತ್ ಮಕಲ್‌ರಾಯ್ ಎಂಬ ಬ್ರಿಟಿಷ್ ಪುರಾತತ್ತ್ವಜ್ಞ 1970ರ ದಶಕದಲ್ಲಿ ಈ ಎಲ್ಲವನ್ನೂ ಒಂದು ಚೌಕಟ್ಟಿಗೆ ತಂದರು. ಹಡಗು ಮುಳುಗಿದ ಗಳಿಗೆಯಿಂದ ನಾವು ನೋಡುವ ಗಳಿಗೆಯ ತನಕ ಎರಡು ಬಗೆಯ ಕೆಲಸ ನಡೆಯುತ್ತಿರುತ್ತದೆ. ಒಂದು, ಸೋಸುವುದು: ಹಗುರವಾದದ್ದು ತೇಲಿಹೋಗುತ್ತದೆ, ಬೆಲೆಬಾಳುವುದನ್ನು ಮುಳುಗುಗಾರರು ಎತ್ತುತ್ತಾರೆ, ಉಳಿದದ್ದು ಕೊಳೆಯುತ್ತದೆ. ಇನ್ನೊಂದು, ಕಲಸುವುದು: ಅಲೆ, ಸೆಳೆತ, ಬಲೆ, ಡ್ರೆಜ್ಜಿಂಗ್ ಎಲ್ಲ ಸೇರಿ ಇದ್ದದ್ದನ್ನು ಇದ್ದಲ್ಲಿ ಇರಗೊಡುವುದಿಲ್ಲ. ಏಡನ್ನಿನ ಪತ್ರದಲ್ಲಿ ಸೋಸುವ ಕೆಲಸ ಕಣ್ಣೆದುರೇ ನಡೆಯುತ್ತದೆ. ನಾಳೆ ಯಾರಾದರೂ ಆ ಹಡಗನ್ನು ಪತ್ತೆಹಚ್ಚಿ, ಸಿಕ್ಕ ಕಬ್ಬಿಣವನ್ನು ತೂಗಿ, ಹಡಗು ಒಯ್ಯುತ್ತಿದ್ದದ್ದು ಇಷ್ಟೇ ಎಂದು ಬರೆದರೆ ಅರ್ಧಕ್ಕರ್ಧ ತಪ್ಪಾಗುತ್ತದೆ.

ಹೊರಗಿನ ಹಡಗುಗಳಲ್ಲಿ ಎರಡನ್ನು ಬಿಡದೆ ಓದಬೇಕು, ಎರಡೂ ಟರ್ಕಿಯವು. 1960ರಲ್ಲಿ ಗೆಲಿಡೋನ್ಯಾ ಭೂಶಿರದ ಬಳಿ ಜಾರ್ಜ್ ಬಾಸ್ ಮತ್ತವರ ತಂಡ ಅಗೆಯುವ ತನಕ, ಮುಳುಗುಗಾರ ಕೆಳಗೆ, ಪುರಾತತ್ತ್ವಜ್ಞ ಮೇಲೆ ದೋಣಿಯಲ್ಲಿ ಎಂಬ ಪದ್ಧತಿಯಿತ್ತು. ನೆಲದ ಮೇಲೆ ಪಾಲಿಸುವ ಶಿಸ್ತನ್ನೆಲ್ಲ ನೀರಿನಡಿಯೂ ಪಾಲಿಸಬಹುದು, ಅದಕ್ಕೆ ಓದಿದವನೇ ಇಳಿಯಬೇಕು ಎಂದು ಬಾಸ್ ತೋರಿಸಿಕೊಟ್ಟರು. ಎರಡನೆಯದು ಉಲುಬುರುನ್. 1982ರಲ್ಲಿ ಸ್ಪಂಜು ತೆಗೆಯುವವನೊಬ್ಬನ ಕಣ್ಣಿಗೆ ಬಿದ್ದ, ಕ್ರಿಸ್ತಪೂರ್ವ 14ನೇ ಶತಮಾನದ ಕೊನೆಯ ಹಡಗು. 44ರಿಂದ 61 ಮೀಟರ್ ಆಳದ ಇಳಿಜಾರು. 1984ರಿಂದ 1994ರ ತನಕ 22,413 ಮುಳುಗು. ಹತ್ತು ಟನ್ ತಾಮ್ರ, ಒಂದು ಟನ್ ತವರ ಸಿಕ್ಕಿತು, ಕಂಚಿಗೆ ಬೇಕಾದ ಪಾಕವೇ ಅದು. ಆ ಆಳದಲ್ಲಿ ಒಬ್ಬರು ಒಂದು ಸಲಕ್ಕೆ ಇಪ್ಪತ್ತು ನಿಮಿಷ, ದಿನಕ್ಕೆ ಎರಡು ಸಲ ಮಾತ್ರ ಕೆಲಸ ಮಾಡಬಹುದಿತ್ತು. ಹತ್ತು ವರ್ಷ ಯಾಕೆ ಹಿಡಿಯಿತು ಎಂಬುದಕ್ಕೆ ಉತ್ತರ ಅಲ್ಲೇ ಇದೆ.

ನಮ್ಮ ಊರಿನದೇ ಒಂದು ಹಡಗು

ಇಷ್ಟಾದ ಮೇಲೆ ಗೋವೆಗೆ ಬರೋಣ. ದೋನಾ ಪೌಲಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ನಮ್ಮ ದೇಶದಲ್ಲಿ ಈ ವಿದ್ಯೆಯ ತವರು. ಅಲ್ಲಿ 1980ರ ದಶಕದಲ್ಲಿ ಅದನ್ನು ಕಟ್ಟಿದವರು ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾವ್, ಗುಜರಾತಿನ ಹರಪ್ಪ ಕಾಲದ ಊರು ಲೋಥಲ್ ಅಗೆದ ಎಸ್. ಆರ್. ರಾವ್. ಸಂಸ್ಥೆಯ ಪ್ರಬಂಧಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಗೋವೆಯ ಸುಂಚಿ ರೀಫ್‌ನ 17ನೇ ಶತಮಾನದ ಹಡಗಿನ ವರದಿಯಲ್ಲಿ ಆನೆದಂತ, ನೀರಾನೆಯ ಹಲ್ಲು, ಫಿರಂಗಿ, ಚೀನಾ ಪಿಂಗಾಣಿಯ ಚೂರುಗಳಿವೆ. ಸೇಂಟ್ ಜಾರ್ಜ್ ರೀಫ್‌ನ ವರದಿಯನ್ನಂತೂ ಮಂಗಳೂರಿನವರು ಎರಡು ಸಲ ಓದಬೇಕು. ಆ ಬಂಡೆಗಳ ನಡುವೆ ಬಿದ್ದಿರುವ ಸರಕು ಸುಟ್ಟ ಮಣ್ಣಿನದು: ಮಾಡಿನ ಹಂಚು, ಮಾಡಿನ ನೆತ್ತಿಗೆ ಹೊದಿಸುವ ಹಂಚು, ಕಂಬದ ತುಂಡುಗಳು, ಚಿಮಣಿಯ ಇಟ್ಟಿಗೆ. ಅವುಗಳ ಮೇಲೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಎಂಬ ಅಚ್ಚು.

ಈ ಅಚ್ಚಿನಿಂದ ಹಡಗಿನ ಕಾಲ ಹೇಳಬಹುದೇ? ಅವಸರಪಟ್ಟರೆ ಹಡಗು 1865ರಲ್ಲಿ ಮುಳುಗಿತು ಎಂದುಬಿಡುತ್ತೇವೆ. ಮಿಷನ್ನಿನ ಪ್ಲೆಬ್ಸ್ಟ್ ಅವರು ಮಂಗಳೂರಿನ ಜಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ 1865. ಅಚ್ಚಿನಲ್ಲಿರುವುದು ಕಾರ್ಖಾನೆಯ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಆದ್ದರಿಂದ ಆ ಹಂಚು 1865ಕ್ಕೆ ಮೊದಲಿನದಾಗಿರಲು ಸಾಧ್ಯವಿಲ್ಲ ಎಂಬಷ್ಟು ಮಾತ್ರ ಗಟ್ಟಿ. ಇನ್ನೊಂದು ತುದಿಯನ್ನು ಹೆಸರೇ ಕೊಡುತ್ತದೆ. ಮೊದಲ ಮಹಾಯುದ್ಧದ ಬಳಿಕ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಮಿಷನ್ ಹೆಸರಿನ ಹಂಚು ತಯಾರಾದದ್ದು ಈ ಎರಡರ ನಡುವೆ. ಇನ್ನೂ ಬಿಗಿ ಮಾಡಬೇಕಾದರೆ ಬೇರೆ ಬೇರೆ ಕಾಲದ ಅಚ್ಚಿನ ಅಕ್ಷರಗಳ ಆಕಾರ, ಹಂಚಿನ ಹಿಂಬದಿಯ ಏಣುಗಳು, ಕೊಕ್ಕೆಯ ಜಾಗ, ಇವುಗಳ ಪಟ್ಟಿ ಬೇಕು. ಅದಕ್ಕೆ ನೀರಿಗಿಳಿಯುವ ಅಗತ್ಯವಿಲ್ಲ. ಹಳೆಯ ಮನೆ ಕೆಡವುವಲ್ಲಿ ರಾಶಿ ಹಾಕಿದ ಹಂಚುಗಳಲ್ಲಿ ಒಂದೊಂದನ್ನೂ ಅಳತೆಪಟ್ಟಿ ಇಟ್ಟು, ಬೆಳಕು ಅಡ್ಡದಿಂದ ಬೀಳುವ ಬೆಳಗ್ಗೆ ಅಥವಾ ಸಂಜೆಯ ಹೊತ್ತಿನಲ್ಲಿ ಎರಡೂ ಬದಿಯ ಫೋಟೊ ತೆಗೆದು, ತೂಕ, ಉದ್ದ, ಅಗಲ ಬರೆದು, ಮನೆ ಕಟ್ಟಿದ ವರ್ಷ ಗೊತ್ತಿದ್ದರೆ ಅದನ್ನೂ ಸೇರಿಸಿಟ್ಟರೆ ಸಾಕು. ನೆತ್ತಿಯ ಮೇಲೆ ಸೂರ್ಯ ಇರುವಾಗ ತೆಗೆದ ಫೋಟೊದಲ್ಲಿ ಸವೆದ ಅಚ್ಚು ಕಾಣುವುದೇ ಇಲ್ಲ. ಮಾಡನ್ನು ಆಗಾಗ ಕೈಯಾಡಿಸಿ ಹಂಚು ಬದಲಿಸಿರುತ್ತಾರೆ ಎಂಬುದನ್ನೂ ಮರೆಯಬಾರದು. ಮನೆಯ ವರ್ಷ ಒಂದೇ ಒಂದು ಹಂಚಿಗೆ ಸಾಕ್ಷಿಯಲ್ಲ, ರಾಶಿಗೆ ಸಾಕ್ಷಿ. ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹವೂ, ಬಾಸೆಲ್‌ನ ಮಿಷನ್ ದಾಖಲೆಗಳ ಆನ್‌ಲೈನ್ ಚಿತ್ರಸಂಗ್ರಹವೂ ಈ ಕೆಲಸಕ್ಕೆ ಒದಗುತ್ತವೆ.

ಯಂತ್ರಕ್ಕೆ ಕಾಣದ ಹಡಗುಗಳು

ನೀರಿನಡಿ ಹುಡುಕಲು ಮುಖ್ಯವಾಗಿ ಎರಡು ಉಪಕರಣ. ಮ್ಯಾಗ್ನೆಟೋಮೀಟರ್ ಕಬ್ಬಿಣ ಇರುವಲ್ಲಿ ಭೂಮಿಯ ಕಾಂತಕ್ಷೇತ್ರ ಏರುಪೇರಾಗುವುದನ್ನು ಹಿಡಿಯುತ್ತದೆ. ಆ ಏರುಪೇರು ದೂರದ ಘನದಂತೆ ಇಳಿಯುತ್ತದೆ. ದೂರ ಎರಡರಷ್ಟಾದರೆ ಸಂಕೇತ ಎಂಟನೇ ಒಂದು ಪಾಲು, ಮೂರರಷ್ಟಾದರೆ ಇಪ್ಪತ್ತೇಳನೇ ಒಂದು. ಹಾಗಾಗಿ ದೋಣಿ ಓಡಿಸುವ ಗೆರೆಗಳು ದೂರದೂರ ಇದ್ದರೆ ನಡುವಿನ ಫಿರಂಗಿಯೂ ತಪ್ಪಿಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಈ ಕಡಲಿನ ಹಳೆಯ ಹಡಗುಗಳಲ್ಲಿ ಬಹಳಷ್ಟಕ್ಕೆ ಮೊಳೆಯೇ ಇಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದವು. 14ನೇ ಶತಮಾನದಲ್ಲಿ ಮಂಗಳೂರಿಗೂ ಬಂದಿದ್ದ ಇಬ್ನ್ ಬತೂತ, ಹೊಲಿದ ಹಡಗು ಬಂಡೆಗೆ ತಾಗಿದರೆ ಬಳುಕುತ್ತದೆ, ಮೊಳೆ ಹೊಡೆದದ್ದು ಒಡೆಯುತ್ತದೆ ಎಂದು ಕಾರಣವನ್ನೂ ಬರೆದಿಟ್ಟಿದ್ದಾನೆ. ಲಕ್ಷದ್ವೀಪದಿಂದ ಹುರಿ, ಕೊಬ್ಬರಿ ಹೇರಿಕೊಂಡು ಮಂಗಳೂರು ಬಂದರಿಗೆ ಬಂದು ಅಕ್ಕಿ ತುಂಬಿಕೊಂಡು ಹೋಗುತ್ತಿದ್ದ ಓಡಂಗಳೂ ಹೊಲಿದವೇ. ಇಂಥ ಹಡಗು, ಕಲ್ಲಿನ ಲಂಗರಿನ ಜೊತೆ, ತೆಂಗಿನಕಾಯಿ ಹೇರಿಕೊಂಡು ಮುಳುಗಿದರೆ ಮ್ಯಾಗ್ನೆಟೋಮೀಟರಿಗೆ ಅಲ್ಲಿ ಏನೂ ಇಲ್ಲ. ಅದೇ ಹೊತ್ತಿಗೆ ನಮ್ಮ ನೆಲವನ್ನು ಸೀಳಿಕೊಂಡು ಹೋಗುವ ಕಪ್ಪು ಡೊಲೆರೈಟ್ ಶಿಲೆ ಏನೂ ಇಲ್ಲದ ಕಡೆ ಸಂಕೇತ ಕೊಟ್ಟು ದಾರಿ ತಪ್ಪಿಸುತ್ತದೆ.

ಸೈಡ್ ಸ್ಕ್ಯಾನ್ ಸೋನಾರ್ ಶಬ್ದದಿಂದ ತಳದ ಚಿತ್ರ ಬರೆಯುತ್ತದೆ. ಅದರಲ್ಲಿ ವಸ್ತುವಿಗಿಂತ ಅದರ ನೆರಳನ್ನು ಓದುವುದು ಕಲಿಯಬೇಕು. ನೆರಳಿನ ಉದ್ದವನ್ನು ಸೋನಾರ್ ತಳದಿಂದ ಇರುವ ಎತ್ತರದಿಂದ ಗುಣಿಸಿ, ಸೋನಾರ್‌ನಿಂದ ನೆರಳಿನ ತುದಿಗಿರುವ ದೂರದಿಂದ ಭಾಗಿಸಿದರೆ ವಸ್ತುವಿನ ಎತ್ತರ. ಸೋನಾರ್ 8 ಮೀಟರ್ ಎತ್ತರದಲ್ಲಿದೆ, ನೆರಳು 6 ಮೀಟರ್, ನೆರಳಿನ ತುದಿ 48 ಮೀಟರ್ ದೂರ ಎಂದುಕೊಳ್ಳಿ. 6 × 8 ÷ 48 = 1. ಒಂದು ಮೀಟರ್ ಎತ್ತರದ ಏನೋ ಇದೆ. ಹಡಗೋ ಪಾದೆಯೋ ಗೊತ್ತಿಲ್ಲ. ನೇರಗೆರೆ, ಸಮಾನ ಅಂತರ, ಲಂಬಕೋನ ಕಂಡರೆ ಮನುಷ್ಯನ ಕೈ ಇರಬಹುದು ಎಂದು ಅನುಮಾನ ಪಡಬೇಕು, ಅಷ್ಟೇ. ಆ ಅನುಮಾನವನ್ನೇ ತೀರ್ಮಾನ ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ 2001–02ರ ಖಂಭಾತ್ ಕೊಲ್ಲಿಯ ಪ್ರಕರಣ ಓದಿ. ಸೋನಾರ್ ಚಿತ್ರದಲ್ಲಿ ಚೌಕಗಳು ಕಂಡವು. ತಳವನ್ನು ಬಾಚಿ ತಂದ ರಾಶಿಯಲ್ಲಿ ಒಂದು ಮರದ ತುಂಡು ಸುಮಾರು 9,500 ವರ್ಷ ಹಳೆಯದೆಂದು ಬಂತು. ಅಷ್ಟು ಹಳೆಯ ನಗರ ಸಿಕ್ಕಿತು ಎಂಬ ಘೋಷಣೆಯಾಯಿತು. ಮರ ಹಳೆಯದಾಗಿರುವುದು ನಿಜವೇ ಇರಬಹುದು. ಆದರೆ ಅತಿ ಬಿರುಸಿನ ಉಬ್ಬರವಿಳಿತದ ಕೊಲ್ಲಿಯಲ್ಲಿ ಬಾಚಿ ತಂದ ತುಂಡು ಯಾವ ಪದರದ್ದು, ನದಿ ಎಲ್ಲಿಂದ ಹೊತ್ತು ತಂದದ್ದು ಎಂಬುದಕ್ಕೆ ಸಾಕ್ಷಿಯಿಲ್ಲ. ಮರದ ವಯಸ್ಸು ಮರದ್ದು. ಪಕ್ಕದಲ್ಲಿ ಬಿದ್ದ ಕಲ್ಲಿಗೆ ಅದನ್ನು ಅಂಟಿಸಲು ಬರುವುದಿಲ್ಲ.

ಕಲ್ಲಿನ ಲಂಗರುಗಳ ಬಗ್ಗೆಯೂ ಇದೇ ಎಚ್ಚರ ಬೇಕು. ದ್ವಾರಕೆಯಲ್ಲಿ ಮೂರು ತೂತಿನ ಲಂಗರುಗಳು ಬಹಳಷ್ಟು ಸಿಕ್ಕಿವೆ, ಮೇಲೊಂದು ಹಗ್ಗಕ್ಕೆ, ಕೆಳಗೆರಡು ಮರದ ಗೂಟಗಳಿಗೆ. ಉದ್ದನೆಯ ಕಂಬದಂಥ, ಒಂದು ತುದಿ ಸಪುರವಾದ ಇನ್ನೊಂದು ಜಾತಿ ಅರಬ್ಬಿ ಕಡಲಿನ ವ್ಯಾಪಾರಿ ಹಡಗುಗಳದ್ದು. ಕಲ್ಲು ನೋಡಿ ಕಾಲ ಹೇಳಲು ಬರುವುದಿಲ್ಲ, ಒಂದೇ ಆಕಾರ ಶತಮಾನಗಟ್ಟಲೆ ಬಳಕೆಯಲ್ಲಿರುತ್ತದೆ. ಆದರೆ ಹಡಗಿನ ಗಾತ್ರದ ಅಂದಾಜು ಸಿಗುತ್ತದೆ. ಹಳೆಯ ಬಂದರಿನ ಊರುಗಳಲ್ಲಿ ಇಂಥ ಕಲ್ಲು ಮೆಟ್ಟಿಲಾಗಿ, ದನ ಕಟ್ಟುವ ಕಂಬವಾಗಿ ನಿಂತಿರುವುದುಂಟು. ತೂತುಗಳು ಎದುರುಬದುರು ಲಂಬವಾಗಿ ಕೊರೆದಿದ್ದರೆ, ತೂತಿನ ಅಂಚು ಒಂದೇ ಕಡೆ ಹಗ್ಗ ಉಜ್ಜಿ ನುಣುಪಾಗಿದ್ದರೆ ನಿಂತು ಅಳೆಯಿರಿ. ಉದ್ದ 1.2 ಮೀಟರ್, ಸರಾಸರಿ ಅಗಲ 25 ಸೆಂಟಿಮೀಟರ್, ದಪ್ಪ 20 ಸೆಂಟಿಮೀಟರ್ ಇದ್ದರೆ ಘನಗಾತ್ರ 0.06 ಘನಮೀಟರ್. ಗ್ರಾನೈಟಿನ ಸಾಂದ್ರತೆ 2.7 ಹಿಡಿದರೆ ಸುಮಾರು 160 ಕಿಲೋ, ತೂತುಗಳದ್ದನ್ನು ಕಳೆಯಬೇಕು. ಕಲ್ಲು ಈ ಸೀಮೆಯದ್ದೇ ಹೊರಗಿನದ್ದೇ ಎಂದು ಭೂವಿಜ್ಞಾನ ಓದುವ ಗೆಳೆಯರನ್ನು ಕೇಳಿ ಬರೆದಿಡಬೇಕು.

ಅಂಗಳದಲ್ಲಿ ಅಳತೆ

ಓದುವುದರ ಜೊತೆಗೆ ಕೈಗೂ ಕೆಲಸ ಬೇಕು. ನೀರಿನಡಿಯ ನಕ್ಷೆಗೆ ಇವತ್ತಿಗೂ ಆಧಾರ ಟೇಪು. ಫೋಟೊಗಳನ್ನು ಜೋಡಿಸಿ ಮೂರು ಆಯಾಮದ ಮಾದರಿ ಮಾಡುವ ತಂತ್ರ ಬಂದಿದೆ ನಿಜ, ಆದರೆ ಆ ಮಾದರಿ ಸರಿಯಿದೆಯೇ ಎಂದು ಪರೀಕ್ಷಿಸುವುದೂ ಟೇಪಿನಿಂದಲೇ. ಇದನ್ನು ಮನೆಯಂಗಳದಲ್ಲಿ ಕಲಿಯಬಹುದು.

ಸುಮಾರು 5 ಮೀಟರ್ ಬದಿಯ ಚೌಕದ ನಾಲ್ಕು ಮೂಲೆಗೆ ಮೊಳೆ ಹೊಡೆಯಿರಿ. ಚೌಕ ನಿಖರವಾಗಿರಬೇಕಿಲ್ಲ. ನಾಲ್ಕು ಬದಿ, ಎರಡು ಕರ್ಣ, ಒಟ್ಟು ಆರು ಅಳತೆ ತೆಗೆಯಿರಿ. ಆಕಾರ ಬಿಡಿಸಲು ಐದು ಸಾಕು. ಆರನೆಯದು ಉಳಿದ ಐದರ ತಪ್ಪು ಹಿಡಿಯಲು. 1:20 ಪ್ರಮಾಣದಲ್ಲಿ 5 ಮೀಟರ್ ಅಂದರೆ ಹಾಳೆಯಲ್ಲಿ 25 ಸೆಂಟಿಮೀಟರ್, ಎ3 ಹಾಳೆಯಲ್ಲಿ ಹಿಡಿಸುತ್ತದೆ. ಕೈವಾರದಿಂದ ಐದು ಅಳತೆ ಬಿಡಿಸಿ, ಆರನೆಯದನ್ನು ಹಾಳೆಯ ಮೇಲೆ ಅಳೆದು ನೋಡಿ. ಹೊಂದದಿದ್ದರೆ ಮುಂದೆ ಹೋಗಬೇಡಿ. ಹೊಂದಿದ ಮೇಲೆ ಒಳಗೆ ಹತ್ತಾರು ಹಂಚಿನ ತುಂಡು ಹರಡಿ, ಪ್ರತಿ ತುಂಡಿನ ಒಂದೊಂದು ಮೂಲೆಗೆ ಮೂರು ಮೊಳೆಗಳಿಂದ ದೂರ ಅಳೆಯಿರಿ. ಹಾಳೆಯ ಮೇಲೆ ಮೂರು ಕಂಸಗಳು ಒಂದೇ ಚುಕ್ಕೆಯಲ್ಲಿ ಕೂಡುವುದಿಲ್ಲ, ಸಣ್ಣ ತ್ರಿಕೋನ ಉಳಿಯುತ್ತದೆ. ತ್ರಿಕೋನ ಒಂದು ಮಿಲಿಮೀಟರ್ ಇದ್ದರೆ ನೆಲದ ಮೇಲೆ 2 ಸೆಂಟಿಮೀಟರ್ ತಪ್ಪು. ಅದಕ್ಕಿಂತ ದೊಡ್ಡದಾದರೆ ಮತ್ತೆ ಅಳೆಯಬೇಕು.

ತಪ್ಪುಗಳು ಎಲ್ಲಿಂದ ಬರುತ್ತವೆ ಎಂಬುದೇ ಇಲ್ಲಿ ಕಲಿಯಬೇಕಾದ ಪಾಠ. ಟೇಪಿನ ಸೊನ್ನೆ ಕೆಲವದರಲ್ಲಿ ಉಂಗುರದ ಹೊರ ಅಂಚಿನಿಂದ, ಕೆಲವದರಲ್ಲಿ ಒಂದಿಷ್ಟು ಬಿಟ್ಟು ಶುರುವಾಗುತ್ತದೆ. 3.47 ಎಂದು ಓದಿದ್ದು 3.74 ಆಗಿ ಪುಸ್ತಕಕ್ಕೆ ಇಳಿಯುತ್ತದೆ. ಟೇಪು ಜೋತುಬಿದ್ದರೆ, ನೀರಿನಡಿ ಸೆಳೆತಕ್ಕೆ ಬಿಲ್ಲಿನಂತೆ ಬಾಗಿದರೆ ಅಳತೆ ಯಾವಾಗಲೂ ಹೆಚ್ಚೇ ಬರುತ್ತದೆ, ಕಡಿಮೆ ಬರುವುದಿಲ್ಲ. ಎರಡು ಅಳತೆ ಜಗಳವಾಡಿದರೆ ಉದ್ದನೆಯದರ ಮೇಲೆ ಮೊದಲು ಅನುಮಾನ ಇರಲಿ. ಎರಡು ಕಂಸಗಳು 30 ಡಿಗ್ರಿಗಿಂತ ಕಡಿಮೆ ಅಥವಾ 150ಕ್ಕಿಂತ ಹೆಚ್ಚಿನ ಕೋನದಲ್ಲಿ ಕತ್ತರಿಸಿದರೆ ಚುಕ್ಕೆ ಎಲ್ಲಿದೆಯೆಂದೇ ತಿಳಿಯದು. ಬೇರೆ ಮೊಳೆ ಆರಿಸಬೇಕು. ಇಳಿಜಾರಿನಲ್ಲಿ 3 ಮೀಟರ್ ದೂರಕ್ಕೆ ಅರ್ಧ ಮೀಟರ್ ಎತ್ತರದ ವ್ಯತ್ಯಾಸವಿದ್ದರೆ ನಕ್ಷೆಯಲ್ಲಿ 4 ಸೆಂಟಿಮೀಟರ್ ಹೆಚ್ಚು ಬೀಳುತ್ತದೆ. ನೀರಿನಡಿ ಎತ್ತರದ ಬದಲು ಆಳ ಅಳೆಯುತ್ತಾರೆ. ಮಂಗಳೂರಿನಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ ನೀರು ಮೀಟರಿಗೂ ಮಿಕ್ಕಿ ಏರಿಳಿಯುವುದರಿಂದ ಬೆಳಗ್ಗಿನ ಆಳಕ್ಕೂ ಮಧ್ಯಾಹ್ನದ ಆಳಕ್ಕೂ ತಾಳೆಯಾಗದು. ತಳದಲ್ಲೊಂದು ಗುರುತು ನೆಟ್ಟು ಪ್ರತಿ ಸಲ ಅದರ ಆಳವನ್ನೂ ಓದಿಕೊಳ್ಳುವುದು ಅದಕ್ಕಾಗಿ.

ಇನ್ನು ಅಗೆಯುವ ವಿಚಾರ. ನೀರಿನಡಿ ಕೆಸರು ಹೀರುವ ಏರ್‌ಲಿಫ್ಟ್ ಎಂದರೆ ಹತ್ತು ಹದಿನೈದು ಸೆಂಟಿಮೀಟರ್ ವ್ಯಾಸದ ಉದ್ದನೆಯ ಪೈಪು. ಬುಡಕ್ಕೆ ಗಾಳಿ ಬಿಟ್ಟರೆ ಗುಳ್ಳೆಗಳು ಮೇಲೇರುತ್ತ ಹಿಗ್ಗಿ, ನೀರು ಕೆಸರನ್ನು ಜೊತೆಗೆ ಎಳೆದೊಯ್ಯುತ್ತವೆ. ಗಾಳಿ ಹಿಗ್ಗಲು ಆಳ ಬೇಕಾದ್ದರಿಂದ ನಮ್ಮ ಅಳಿವೆಗಳಂಥ ಎರಡು ಮೂರು ಮೀಟರ್ ನೀರಿನಲ್ಲಿ ಅದು ಕೆಲಸಕ್ಕೆ ಬಾರದು, ಅಲ್ಲಿ ನೀರು ಚಿಮ್ಮಿಸಿ ಎಳೆಯುವ ಡ್ರೆಜ್ ಬೇಕು. ಬಾಯಿಗೆ ಕಲ್ಲು ಸಿಕ್ಕಿಕೊಂಡರೆ ಪೈಪಿನ ತುಂಬ ಗಾಳಿ ನಿಂತು ಅದು ಹಿಡಿದವನನ್ನೂ ಎಳೆದುಕೊಂಡು ಮೇಲಕ್ಕೆ ಹಾರುತ್ತದೆ. ಅಗೆಯುವುದು ಕೈಯಿಂದ ನೀರು ಬೀಸಿ. ಪೈಪು ಕದಡಿದ ಕೆಸರನ್ನು ಒಯ್ಯಲು ಮಾತ್ರ.

ಮೇಲೆ ತಂದದ್ದು ಹಾಳಾಗುವ ಬಗೆ

ಬಲೆಯಲ್ಲಿ ಮಡಕೆ ಬಂತು, ತೊಳೆದು ಬಿಸಿಲಿಗಿಟ್ಟರು, ಎರಡು ತಿಂಗಳಲ್ಲಿ ಮೇಲ್ಮೈ ಪುಡಿಯಾಗಿ ಉದುರಿತು. ಕಡಲ ತಡಿಯ ಯಾವ ಊರಲ್ಲೂ ಇದು ನಡೆಯಬಹುದು. ಕಾರಣ ತೋರಿಸುವ ಪ್ರಯೋಗ ಸುಲಭ. ಹದವಾಗಿ ಸುಟ್ಟ ಹೊಸ ಮಣ್ಣಿನ ಕುಡಿಕೆಯೊಂದನ್ನು ಒಡೆದು ಮೂರು ಚೂರು ಮಾಡಿ. ಹಂಚು ಗಟ್ಟಿ ಬೆಂದಿರುವುದರಿಂದ ಫಲಿತಾಂಶ ನಿಧಾನ, ಕುಡಿಕೆ ವಾಸಿ. ಒಂದು ಚೂರು ಹಾಗೇ ಇರಲಿ. ಎರಡನ್ನು ಮೂರು ವಾರ ಕಡಲ ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ಒಂದನ್ನು ನೇರ ಬಿಸಿಲಿಗೆ ಒಣಗಿಸಿ, ಮತ್ತೆ ಕಡಲ ನೀರಲ್ಲಿ ಅದ್ದಿ ಒಣಗಿಸಿ, ಹೀಗೆ ನಾಲ್ಕೈದು ಬಾರಿ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು ರಂಧ್ರಗಳಿಂದ ಆವಿಯಾಗುವಾಗ ಉಪ್ಪು ಒಳಗೇ ಹರಳುಗಟ್ಟಿ ಮಣ್ಣನ್ನು ಸೀಳುತ್ತದೆ. ಬಿಳಿ ಪುಡಿ ಮೊದಲು, ಪದರ ಏಳುವುದು ಆಮೇಲೆ. ಇನ್ನೊಂದು ಚೂರನ್ನು ಅದರ ಹತ್ತು ಪಟ್ಟು ಸಿಹಿನೀರಿನಲ್ಲಿಡಿ. ಮೊದಲ ವಾರ ದಿನಾ, ಆಮೇಲೆ ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಉಪ್ಪು ಬಿಟ್ಟಿತೇ ಎಂದು ಕಾಲೇಜಿನ ಪ್ರಯೋಗಾಲಯದಲ್ಲಿ ಮೇಷ್ಟ್ರ ಎದುರು ನೋಡಬಹುದು: ಆ ನೀರಿನ 5 ಮಿಲಿಲೀಟರಿಗೆ ಒಂದು ಹನಿ ಸಾರರಿಕ್ತ ನೈಟ್ರಿಕ್ ಆಮ್ಲ, ಕೆಲವು ಹನಿ ಸಿಲ್ವರ್ ನೈಟ್ರೇಟ್. ಬೆಳ್ಳಗೆ ಕದಡಿದರೆ ಕ್ಲೋರೈಡ್ ಇನ್ನೂ ಇದೆ. ನಲ್ಲಿ ನೀರೂ ಒಂದಿಷ್ಟು ಕದಡುತ್ತದೆ, ಆದ್ದರಿಂದ ಕೊನೆಯ ಸುತ್ತುಗಳಿಗೆ ಡಿಸ್ಟಿಲ್ಡ್ ನೀರು ಬೇಕು. ಕೈಗವಸು ಹಾಕದಿದ್ದರೆ ಬೆರಳು ಕಪ್ಪಾಗುತ್ತದೆ.

ಮರದ ಕಷ್ಟ ಇದಕ್ಕಿಂತ ದೊಡ್ಡದು. ನೀರು ಕುಡಿದ ಹಳೆಯ ಮರದ ಜೀವಕೋಶಗಳು ನೀರಿನ ಬಲದ ಮೇಲೆ ನಿಂತಿರುತ್ತವೆ. ಒಣಗಿದರೆ ಕುಸಿದು, ಸುರುಟಿ, ಸೀಳುತ್ತದೆ, ಮತ್ತೆ ನೆನೆಸಿದರೆ ಮೊದಲಿನಂತಾಗದು. ವಾಸಾ ಹಡಗಿಗೆ ನೀರಿನ ಜಾಗದಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ರಾಸಾಯನಿಕವನ್ನು ತುಂಬಿಸಲು 1962ರಿಂದ 1979ರ ತನಕ 17 ವರ್ಷ ಸಿಂಪಡಿಸಿದರು. ಅಷ್ಟಾದರೂ, ಮರ ಹೀರಿಕೊಂಡಿದ್ದ ಗಂಧಕ ಆಮ್ಲವಾಗಿ ಮಾರ್ಪಡುತ್ತಿರುವುದು 2000ದ ಹೊತ್ತಿಗೆ ಗೊತ್ತಾಯಿತು. ಉಪಚಾರ ಈಗಲೂ ನಡೆದಿದೆ. ನೀರಿನಡಿಯ ಪರಂಪರೆ ಕುರಿತ 2001ರ ಯುನೆಸ್ಕೊ ಒಪ್ಪಂದ, ಇದ್ದದ್ದನ್ನು ಇದ್ದಲ್ಲೇ ಕಾಪಾಡುವುದು ಮೊದಲ ಆಯ್ಕೆಯಾಗಬೇಕು ಎನ್ನುವುದು ಇಂಥ ಅನುಭವಗಳಿಂದಲೇ. ಎತ್ತುವ ಹಣ ಇದ್ದವರ ಬಳಿಯೂ ಮುಂದಿನ ಐವತ್ತು ವರ್ಷ ನೋಡಿಕೊಳ್ಳುವ ಹಣ ಇರುವುದಿಲ್ಲ.

ಕಡಲಿಗಿಂತ ನೆಲದಲ್ಲಿ

ನಮ್ಮ ಹಳೆಯ ಬಂದರುಗಳನ್ನು ಕಡಲಲ್ಲಿ ಹುಡುಕುವುದೇ ಹೆಚ್ಚಿನಂಶ ತಪ್ಪು ದಿಕ್ಕು. ಬಾರ್ಕೂರು ಸೀತಾ ನದಿಯ ಮೇಲೆ, ಬಸ್ರೂರು ವಾರಾಹಿಯ ಮೇಲೆ, ಮಂಗಳೂರಿನ ಹಳೆ ಬಂದರು ಗುರುಪುರ ನದಿಯ ಬದಿಗೆ. ಹಡಗು ನಿಲ್ಲುತ್ತಿದ್ದದ್ದು ಒಳಗಿನ ನೀರಿನಲ್ಲಿ. ಇಲ್ಲಿ ನದಿಗಳು ಕಡಲಿಗೆ ನೇರ ಬೀಳದೆ, ಬೆಂಗ್ರೆಯಂಥ ಮರಳ ನಾಲಗೆಗಳ ಹಿಂದೆ ದಡದುದ್ದಕ್ಕೆ ಹರಿದು ಎಲ್ಲೋ ಒಂದು ಕಡೆ ಬಾಯಿ ತೆರೆಯುತ್ತವೆ. ಆ ಬಾಯಿ ಸ್ಥಿರವಲ್ಲ. ಹೂಳು ತುಂಬಿದ ಹಳೆಯ ಕವಲುಗಳು ಗದ್ದೆ, ತೆಂಗಿನ ತೋಟ, ಕುದ್ರುಗಳಾಗಿವೆ. ಕೇರಳದ ಚೇರ್ತಲ ಬಳಿಯ ಕಡಕ್ಕರಪ್ಪಳ್ಳಿಯಲ್ಲಿ 2002–03ರಲ್ಲಿ ಅಗೆದು ತೆಗೆದ, ಸುಮಾರು 18 ಮೀಟರ್ ಉದ್ದದ ಹಡಗು ಸಿಕ್ಕಿದ್ದು ಒಣನೆಲದಡಿಯ ಕೆಸರಿನಲ್ಲಿ. ಕೇರಳದ್ದೇ ಪಟ್ಟಣಂ ಎಂಬ ಊರಿನಲ್ಲಿ ರೋಮನ್ ಕಾಲದ ದೋಣಿಯೂ ಮೆಣಸಿನ ಕಾಳೂ ಸಿಕ್ಕಿದ್ದು ಮನೆಗಳ ನಡುವಿನ ಗುಂಡಿಯಲ್ಲಿ. ಬೇರೆ ಬೇರೆ ಕಾಲದ ಸರ್ವೆ ನಕ್ಷೆಗಳನ್ನೂ ಉಪಗ್ರಹ ಚಿತ್ರವನ್ನೂ ಒಂದರ ಮೇಲೊಂದು ಇಟ್ಟು ಸೀತಾ, ಸ್ವರ್ಣಾ, ಉದ್ಯಾವರ ಹೊಳೆಗಳ ಬಾಯಿ ಎಲ್ಲೆಲ್ಲಿತ್ತು ಎಂದು ಗೆರೆ ಎಳೆಯುವುದು ಒಂದು ರಜೆಗೆ ಸಾಕಾಗುವಷ್ಟು ಕೆಲಸ. ಬಾವಿ ತೋಡುವಲ್ಲಿ ಕಪ್ಪು ಕೆಸರು, ಚಿಪ್ಪು, ಮರ ಎಷ್ಟು ಅಡಿಗೆ ಬಂತು ಎಂದು ಕೇಳಿ ಬರೆದುಕೊಳ್ಳುವುದು ಅದರ ಜೊತೆಗೆ. ಚಿಪ್ಪಿನ ಕಾಲ ನಿರ್ಣಯ ಮಾಡಿಸುವ ಸಂದರ್ಭ ಬಂದರೆ, ಕಡಲಿನ ಚಿಪ್ಪು ಸರಾಸರಿ ನಾನೂರು ವರ್ಷ ಹೆಚ್ಚು ಹಳೆಯದೆಂದು ತೋರಿಸುತ್ತದೆ, ತಿದ್ದುಪಡಿ ಬೇಕು.

ಡೈವಿಂಗ್ ಕಲಿಯುವ ಆಸೆ ಇದ್ದರೆ ಹತ್ತಿರದ ಜಾಗ ಮುರ್ಡೇಶ್ವರದಾಚೆಯ ನೇತ್ರಾಣಿ. ಮೊದಲ ಹಂತದ ಪ್ರಮಾಣಪತ್ರ 18 ಮೀಟರ್ ತನಕ. ಅದು ಇದ್ದ ಮಾತ್ರಕ್ಕೆ ಹಡಗು ಮುಟ್ಟುವ ಅರ್ಹತೆ ಬರುವುದಿಲ್ಲ. ತಂಜಾವೂರಿನ ತಮಿಳು ವಿಶ್ವವಿದ್ಯಾಲಯದಲ್ಲಿ ಕಡಲ ಪುರಾತತ್ತ್ವಕ್ಕೆ ವಿಭಾಗವಿದೆ, ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯಲ್ಲಿ 2001ರಿಂದ ನೀರಿನಡಿಯ ಶಾಖೆಯಿದೆ. ಸೋನಾರ್, ಮರ, ಹೂಳು, ಹಳೆಯ ಲಿಪಿ, ಯಾವುದರಲ್ಲಿ ಪರಿಣತಿ ಪಡೆದವರಿಗೂ ಅಲ್ಲಿ ಕೆಲಸವಿದೆ.

ಜೂನ್ 1ಕ್ಕೆ ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ, 61 ದಿನ ಮಲ್ಪೆ, ಮಂಗಳೂರಿನ ಧಕ್ಕೆಗಳಲ್ಲಿ ಬೋಟುಗಳು ಕಟ್ಟಿರುತ್ತವೆ. ಬೋಟು ನಡೆಸುವ ತಾಂಡೇಲರಿಗೆ ಮಾತಾಡಲು ಪುರುಸೊತ್ತು ಸಿಗುವುದು ಆಗ. ಬಲೆ ಸಿಕ್ಕಿ ಹರಿಯುವ ಜಾಗಗಳು ಅವರ ಜಿಪಿಎಸ್‌ನಲ್ಲಿ ಇರುತ್ತವೆ, ಹಿರಿಯರ ನೆನಪಿನಲ್ಲಿ ಅದಕ್ಕೂ ಹಿಂದಿನವು ಇರುತ್ತವೆ. ಕೇಳಬೇಕಾದದ್ದು: ಆಳ ಎಷ್ಟು ಮಾರು, ತಳ ಕೆಸರೋ ಮರಳೋ ಪಾದೆಯೋ, ಸಿಕ್ಕಿಕೊಳ್ಳುವುದು ಯಾವ ದಿಕ್ಕಿನಿಂದ ಎಳೆದಾಗ, ಬಲೆಯಲ್ಲಿ ಏನಾದರೂ ಬಂದದ್ದುಂಟೋ, ಯಾವ ವರ್ಷದಿಂದ. ಕೆಸರು ತಳದ ನಡುವೆ ಒಂಟಿಯಾಗಿ ಬಲೆ ಹಿಡಿಯುವ ಜಾಗ, ಅದನ್ನೇ ಬೇರೆ ಬೇರೆ ಬೋಟಿನವರು ಹೇಳಿದರೆ, ನೌಕಾ ನಕ್ಷೆಯಲ್ಲಿ ಅಲ್ಲಿ ಹಡಗಿನ ಗುರುತು ಇದೆಯೇ ನೋಡಬೇಕು. ಗುರುತಿನ ಪಕ್ಕ ಪಿಎ ಎಂದಿದ್ದರೆ ಜಾಗ ಅಂದಾಜಿನದು, ಪಿಡಿ ಎಂದಿದ್ದರೆ ಜಾಗದ ಬಗ್ಗೆಯೇ ಸಂಶಯ. ಯಾರದಾದರೂ ಮನೆಯಲ್ಲಿ ಬಲೆಗೆ ಬಂದ ಮಡಕೆ, ಮರ ಇದ್ದು ಇನ್ನೂ ಒದ್ದೆಯಾಗಿದ್ದರೆ ಅದೇ ಕಡಲ ನೀರಿನಲ್ಲಿ, ನೆರಳಿನಲ್ಲಿ, ಮುಚ್ಚಿದ ಬಕೆಟಿನಲ್ಲಿ ಇಡಲು ಹೇಳಿ, ಅಂಟಿದ ಚಿಪ್ಪನ್ನು ಕೆರೆಯದಂತೆ ಕೇಳಿಕೊಳ್ಳಬೇಕು. ನೂರು ವರ್ಷ ದಾಟಿದ್ದು 1972ರ ಕಾಯಿದೆಯಂತೆ ಪುರಾವಸ್ತು, ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವ ಹಾಗಿಲ್ಲ. ಜಿಲ್ಲಾಧಿಕಾರಿ ಕಚೇರಿಗೂ ರಾಜ್ಯ ಪುರಾತತ್ತ್ವ ಇಲಾಖೆಗೂ ಲಿಖಿತವಾಗಿ ತಿಳಿಸುವುದು ಸರಿಯಾದ ದಾರಿ, ಪತ್ರಕ್ಕೆ ಅಳತೆಪಟ್ಟಿ ಇಟ್ಟ ಫೋಟೊ ಲಗತ್ತಿಸಬೇಕು. ಅಕ್ಷಾಂಶ ರೇಖಾಂಶಗಳನ್ನು ಮಾತ್ರ ಆ ಪತ್ರದ ಹೊರಗೆ, ವಾಟ್ಸ್ಆ್ಯಪ್ ಗುಂಪಿನಲ್ಲಾಗಲಿ ಪತ್ರಿಕೆಯಲ್ಲಾಗಲಿ, ಎಲ್ಲೂ ಹಾಕಬಾರದು.